ನಾವು ಎಲ್ಲಿ ಕುಂದ್ರೋದ್ರಿ? ನವನಗರದ ಹಿರಿಯರ ಭವನ ಕೆಡವಿ ಕಟ್ಟುವಾಗ ಕಂಡದ್ದು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೆಕ್ಟರ್‌ನ ಹಿರಿಯರ ಭವನವನ್ನು ಕೆಡವಿ ಹೊಸದು ಕಟ್ಟುತ್ತಾರೆ ಅಂತ ಸುದ್ದಿ ಬಂದಾಗ ಯಾರೂ ಬೇಡ ಅನ್ನಲಿಲ್ಲ. ಮಳೆಗಾಲದಲ್ಲಿ ಹಾಲ್‌ನ ಮೂಲೆಯಲ್ಲಿ ಬಕೆಟ್ ಇಡಬೇಕಾಗಿತ್ತು. ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಹೊರಗೆ ಕಾಣುತ್ತಿತ್ತು. ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ. ಇಂಥ ಕಟ್ಟಡ ಉಳಿಸಿ ಅಂತ ಯಾರು ಜಗಳ ಆಡುತ್ತಾರೆ?

ವಿಷಯ ತಿಳಿಸಲು ಕರೆದ ಸಭೆಯಲ್ಲಿ ಬಣ್ಣದ ಚಿತ್ರ ತೋರಿಸಿದರು. ಮೂರು ಅಂತಸ್ತು, ಮುಂದೆಲ್ಲ ಗಾಜು, ಒಳಗೆ ಲಿಫ್ಟ್. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು, "ಕೆಡವ್ರಿ, ಕಟ್ರಿ, ಚಲೋನ ಆತು. ಅಲ್ಲೀತನಾ ನಾವು ಎಲ್ಲಿ ಕುಂದ್ರೋದ್ರಿ?"

"ಸ್ವಲ್ಪ ದಿನ ಅಷ್ಟೇ ಅಜ್ಜಿ, ಅಡ್ಜಸ್ಟ್ ಮಾಡ್ಕೊರಿ" ಅಂತ ಉತ್ತರ ಬಂತು. ಸಭೆ ಮುಗಿಯಿತು.

ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಕೆಲವರನ್ನು ನಾವು ಕಳೆದುಕೊಂಡೆವು. ಬೇರೆ ಊರುಗಳಲ್ಲೂ ಇಂಥ ಭವನಗಳು ಹಳತಾಗುತ್ತಿವೆ, ಕೆಡವುವ ಮಾತು ಬರುತ್ತದೆ. ಅಲ್ಲಿನವರಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ನಿವೃತ್ತಿ ಆದ ಮೇಲೆ ಭವನಕ್ಕೆ ಹೋಗಲು ಶುರು ಮಾಡಿದೆ. ಅಲ್ಲಿ ಎಲ್ಲರಿಗೂ ನಾನು ಅಕ್ಕಾರು. ಅರ್ಜಿ ಬರೆಯಲು ಬರುತ್ತದೆ, ಅಳತೆ ಲೆಕ್ಕ ಗೊತ್ತು ಅನ್ನುವ ಕಾರಣಕ್ಕೆ ಈ ಕೆಲಸ ನನ್ನ ಹೆಗಲಿಗೆ ಬಂತು.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ನವನಗರದ ಹಿರಿಯರು ಒಮ್ಮೆ ಊರನ್ನೇ ಬಿಟ್ಟು ಬಂದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಉದ್ದಕ್ಕೂ ಹಿಂದಕ್ಕೆ ಚಾಚಿ ಹಳೆ ಬಾಗಲಕೋಟೆಗೆ ಬಂತು. ಓಣಿಗಳು ಮುಳುಗಡೆಗೆ ಹೋದವು. ಅವರಿಗಾಗಿ ಕಟ್ಟಿದ ಊರು ಇದು. ಇದರ ನಕ್ಷೆ ಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ರಸ್ತೆಗಳು ಅಗಲ, ಸೆಕ್ಟರ್‌ಗಳು ಅಚ್ಚುಕಟ್ಟು. ಆದರೆ ಹಳೇ ಊರಿನ ಮನೆಗಳಿಗೆ ಮುಂದೆ ಕಟ್ಟೆ ಇರುತ್ತಿತ್ತು. ಸಂಜೆ ಆದರೆ ವಯಸ್ಸಾದವರು ಅಲ್ಲಿ ಕೂರುತ್ತಿದ್ದರು. ಹೋಗುವವರು ಬರುವವರು ಮಾತಾಡಿಸುತ್ತಿದ್ದರು. ಯಾರಾದರೂ ಒಂದು ದಿನ ಕಾಣಲಿಲ್ಲ ಅಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಕಾಂಪೌಂಡ್ ಗೋಡೆ, ಗೇಟು. ಮಕ್ಕಳು ಬೆಂಗಳೂರು, ಪುಣೆ ಅಂತ ಹೋಗಿದ್ದಾರೆ. ಆ ಕಟ್ಟೆಯ ಕೆಲಸವನ್ನು ನಮ್ಮ ಸೋರುವ ಭವನ ಮಾಡುತ್ತಿತ್ತು. ಪೇಪರ್, ಕೇರಂ, ಶನಿವಾರ ಭಜನೆ, ಆಗಾಗ ಬಿ.ಪಿ. ತಪಾಸಣೆ. ನವೆಂಬರ್ ಬಂದರೆ ಪಿಂಚಣಿಯವರೆಲ್ಲ ಜೀವಂತ ಪ್ರಮಾಣಪತ್ರ ಮಾಡಿಸಲು ಅಲ್ಲೇ ಸೇರುತ್ತಿದ್ದರು. ಬೆರಳಚ್ಚು ಸವೆದು ಯಂತ್ರ ಒಪ್ಪದೇ ಹೋದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಿಸುವುದನ್ನು ಒಬ್ಬರಿಗೊಬ್ಬರು ಕಲಿಸುತ್ತಿದ್ದರು.

ಹಾಗಾಗಿ 'ಸ್ವಲ್ಪ ದಿನ' ಅನ್ನುವ ಮಾತನ್ನು ನಮ್ಮವರು ನಂಬಲಿಲ್ಲ. ಸ್ಥಳಾಂತರ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ನಕ್ಷೆ ಕೇಳಿದೆವು. ಬಾಯಿಮಾತಿಗೆ ಕೊಡಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿದೆವು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಅದಕ್ಕೆ ನೇರವಾಗಿ ಕೇಳಿದೆವು: ಪ್ರತಿ ಅಂತಸ್ತಿನ ನಕ್ಷೆ ಕೊಡಿ, ಅಂದಾಜು ಪಟ್ಟಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು ಅನ್ನುವುದು ಕಾನೂನು. ಗಡುವು ಮುಗಿಯುವ ಹೊತ್ತಿಗೆ ಝೆರಾಕ್ಸ್ ಪ್ರತಿ ಬಂತು.

ಅದನ್ನು ಊಟದ ಟೇಬಲ್ ಮೇಲೆ ಹರಡಿ ನೋಡಿದಾಗ ಎದೆ ಧಸಕ್ಕೆಂದಿತು. ನೆಲ ಅಂತಸ್ತಿನಲ್ಲಿ ಅಂಗಡಿಗಳು ಮತ್ತು ಪಾರ್ಕಿಂಗ್. ಹಿರಿಯರ ಹಾಲ್ ಮೊದಲ ಮಹಡಿಯಲ್ಲಿ. ಮೇಲೆ ಹೋಗಲು ಒಂದು ಲಿಫ್ಟ್. ಅಂಗಡಿ ಬಾಡಿಗೆಯಿಂದ ಕಟ್ಟಡದ ಖರ್ಚು ನಡೆಯಲಿ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ತಪ್ಪಲ್ಲ. ಹಳೆ ಭವನಕ್ಕೆ ಬಲ್ಬ್ ಹಾಕಿಸಲು ಸಹ ನಾವು ಚಂದಾ ಎತ್ತಿದವರು. ಆದರೆ ಕರೆಂಟ್ ಹೋದರೆ? ಲಿಫ್ಟ್ ಕೆಟ್ಟರೆ? ಮೇಲೆ ಕೂತವರು ಇಳಿಯುವುದು ಹೇಗೆ? ಹಿರಿಯರಿಗೆ ಅಂತ ಕಟ್ಟುವ ಮನೆಯಲ್ಲಿ ಹಿರಿಯರನ್ನು ಮಹಡಿಗೆ ಹತ್ತಿಸಿ, ಗಟ್ಟಿಮುಟ್ಟಾದ ಗಿರಾಕಿಗಳಿಗೆ ನೆಲ ಬಿಟ್ಟುಕೊಟ್ಟದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಏನು ಬೇಕು ಅಂತ ನಾವೇ ಪಟ್ಟಿ ಮಾಡೋಣ ಅಂತ ಸಭೆ ಸೇರಿದೆವು. ಮಾತಾಡಿದವರೆಲ್ಲ ಗಂಡಸರು. ಅದರಲ್ಲೂ ನೌಕರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಲೈಬ್ರರಿ ಬೇಕು, ಪ್ರೊಜೆಕ್ಟರ್ ಬೇಕು, ಎ.ಸಿ. ಬೇಕು. ಹೆಂಗಸರು ಸುಮ್ನೆ ಕೂತಿದ್ದರು. ಬಡ ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಬದುಕುವವರು ಬಾಯಿಯನ್ನೇ ತೆರೆಯಲಿಲ್ಲ. ಈ ಪಟ್ಟಿ ಕೊಟ್ಟರೆ ನಮಗೆ ಸಿಗುವುದು ಪ್ರೊಜೆಕ್ಟರ್ ಮಾತ್ರ ಅಂತ ಅನಿಸಿತು. ಆಮೇಲೆ ನಾನೂ ಇನ್ನೊಬ್ಬ ಅಕ್ಕನೂ ಮನೆಮನೆಗೆ ಹೋಗಿ ಕೂತೆವು. ಮಧ್ಯಾಹ್ನ, ಗಂಡಸರು ಮಲಗಿದ ಹೊತ್ತಿನಲ್ಲಿ.

ಅಲ್ಲಿ ಬೇರೆಯೇ ಮಾತು ಹೊರಬಂತು. ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಹೇಳಿದರು, "ಭವನಕ್ಕ ಬರೋ ದಿನ ಮುಂಜಾನೆಯಿಂದ ನೀರು ಕುಡಿಯಂಗಿಲ್ಲವ್ವಾ. ಕುಡದ್ರ ಹೋಗಬೇಕಾಕ್ಕೈತಿ. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ." ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಆ ಬಿಸಿಲಿನಲ್ಲಿ ಎಪ್ಪತ್ತು ದಾಟಿದ ಹೆಂಗಸು ನೀರು ಕುಡಿಯದೇ ಇರುವುದು ಅಂದರೆ ಏನು ಅಂತ ಯೋಚಿಸಿ. ಬರಬರುತ್ತ ಎಲ್ಲ ಮನೆಯಲ್ಲೂ ಇದೇ ಕೇಳಿದೆವು. ಸಕ್ಕರೆ ಕಾಯಿಲೆ ಇದ್ದವರು, ಪ್ರಾಸ್ಟೇಟ್ ತೊಂದರೆ ಇದ್ದ ಕಾಕಾಗಳು, ಎಲ್ಲರಿಗೂ ಮೊದಲ ಚಿಂತೆ ಶೌಚಾಲಯ. ಎಷ್ಟು ದೂರ, ಚಿಲಕ ಇದೆಯಾ, ಕೂತರೆ ಏಳಲು ಹಿಡಿಕೆ ಇದೆಯಾ. ಸಭೆಯಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ನಾಚಿಕೆ, ಅಲ್ವಾ?

ಇನ್ನೂ ಕೆಲವು ಸಂಗತಿ ತಿಳಿದವು. ಕಿವಿಗೆ ಮಶೀನ್ ಹಾಕಿಕೊಳ್ಳುವವರಿಗೆ ದೊಡ್ಡ ಖಾಲಿ ಹಾಲ್‌ನಲ್ಲಿ ಮಾತು ಕೇಳಿಸುವುದಿಲ್ಲ, ಬರೀ ಗದ್ದಲ ಕೇಳಿಸುತ್ತದೆ. ಅವರಿಗೆ ಪ್ರತಿಧ್ವನಿ ಇಲ್ಲದ ಚಿಕ್ಕ ಕೋಣೆ ಬೇಕು, ಕಿಟಕಿಗೆ ದಪ್ಪ ಪರದೆ ಬೇಕು. ಫಳಫಳ ಹೊಳೆಯುವ ಟೈಲ್ಸ್ ಕಂಡರೆ ಕಣ್ಣಿನ ಆಪರೇಷನ್ ಆದವರಿಗೆ ಹೆದರಿಕೆ. ನೆಲ ಒದ್ದೆ ಇದೆಯೋ ಒಣಗಿದೆಯೋ ತಿಳಿಯುವುದಿಲ್ಲ. ಮೆಟ್ಟಿಲೆಲ್ಲ ಒಂದೇ ಬಣ್ಣ ಇದ್ದರೆ ಅಂಚು ಕಾಣದೆ ಕಾಲು ತಪ್ಪುತ್ತದೆ. ಕೈ ಇಲ್ಲದ ಪ್ಲಾಸ್ಟಿಕ್ ಕುರ್ಚಿಯಿಂದ ಏಳುವುದು ಮಂಡಿನೋವಿನವರಿಗೆ ದೊಡ್ಡ ಕಷ್ಟ. ಎ.ಸಿ. ಯಾರಿಗೂ ಬೇಡವಾಗಿತ್ತು. ಸಂಜೆ ಹೊರಗೆ ಕೂರಲು ಕಟ್ಟೆ ಬೇಕು ಅಂತ ಎಲ್ಲರೂ ಕೇಳಿದರು.

ಇದನ್ನೆಲ್ಲ ಬರೆದು ಕೊಟ್ಟೆವು. ಕಚೇರಿಯ ಟಪಾಲು ವಿಭಾಗದಲ್ಲಿ ಮುದ್ರೆ ಒತ್ತಿಸಿಕೊಂಡು ಬಂದೆವು. 'ಪರಿಶೀಲಿಸಲಾಗುವುದು' ಅನ್ನುವ ಒಂದು ಸಾಲಿನ ಪತ್ರ ಬಂತು.

ನಮಗೆ ಕಾನೂನಿನ ಆಸರೆ ಬೇಕಾಯಿತು. 2007ರ ಹಿರಿಯ ನಾಗರಿಕರ ಕಾಯ್ದೆ ಓದಿದೆ. ಮಕ್ಕಳಿಂದ ಜೀವನಾಂಶ ಕೊಡಿಸುವುದು, ಜಿಲ್ಲೆಗೊಂದು ವೃದ್ಧಾಶ್ರಮ, ಆಸ್ಪತ್ರೆಯಲ್ಲಿ ಬೇರೆ ಸಾಲು, ಇವೆಲ್ಲ ಅದರಲ್ಲಿ ಇವೆ. ಕಟ್ಟಡ ಹೇಗಿರಬೇಕು ಅಂತ ಅದರಲ್ಲಿ ನಮಗೆ ಏನೂ ಸಿಗಲಿಲ್ಲ. ಕೈಹಿಡಿದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಎಲ್ಲರೂ ಓಡಾಡಲು ಆಗುವಂಥ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡಬಾರದು, ಪಾಲಿಸದೇ ಕಟ್ಟಿದರೆ ಕಟ್ಟಡ ಪೂರ್ಣಗೊಂಡಿದೆ ಅನ್ನುವ ಪ್ರಮಾಣಪತ್ರವನ್ನೂ ಕೊಡಬಾರದು ಅನ್ನುತ್ತದೆ ಅದರ 44ನೇ ಕಲಂ. ಅಳತೆಗಳು ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿ ಇವೆ.

ಇದಕ್ಕೆ ನಮ್ಮವರಲ್ಲೇ ವಿರೋಧ ಬಂತು. "ನಾವೇನು ಅಂಗವಿಕಲರೇನ್ರಿ ಅಕ್ಕಾರ?" ಅಂತ ಒಬ್ಬ ಕಾಕಾ ಸಿಟ್ಟಾದರು. ಅವರ ಕೈಯಲ್ಲಿ ಕೋಲು ಇತ್ತು. ಕೋಲು ಹಿಡಿದವರಿಗೂ ಗಾಲಿಕುರ್ಚಿಯವರಿಗೂ ಬೇಕಾದ ಬಾಗಿಲು ಒಂದೇ ಅಂತ ಹೇಳಿದೆ. ಒಪ್ಪಲು ಅವರಿಗೆ ಸಮಯ ಬೇಕಾಯಿತು. ಆಮೇಲೆ ಸಹಿ ಹಾಕಿದವರಲ್ಲಿ ಅವರೇ ಮೊದಲಿಗರು.

ಈಗ ಲೆಕ್ಕಕ್ಕೆ ಬಂದೆ. ನಕ್ಷೆಯಲ್ಲಿ ನೆಲಗಟ್ಟಿನ ಎತ್ತರ ಒಂದೂವರೆ ಅಡಿ, ಅದಕ್ಕೆ ಹಾಕಿದ ರ‍್ಯಾಂಪ್ ಬರೀ 8 ಅಡಿ ಉದ್ದ. ನಿಯಮ 1:12. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಒಂದೂವರೆ ಅಡಿಗೆ 18 ಅಡಿ. ಎಂಟನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ. ಎಂಟು ಅಡಿಯ ಆ ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳುವವರಿಗೂ ಉಸಿರು ಹತ್ತುತ್ತದೆ, ಇಳಿಯುವಾಗ ಕೂತವರು ಮುಂದಕ್ಕೆ ಬೀಳುತ್ತಾರೆ.

ಆದರೆ ಕಾಗದದ ಮೇಲೆ ಎಷ್ಟು ಹೇಳಿದರೂ ಯಾರಿಗೂ ತಾಕುತ್ತಿರಲಿಲ್ಲ. ನಮ್ಮವರಿಗೂ ನಕ್ಷೆ ಓದಲು ಬರುತ್ತಿರಲಿಲ್ಲ. ಆಗ ಹೊಳೆದದ್ದು ಶಾಲೆಯ ಮೈದಾನ. ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ ತಂದು ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಇಡೀ ಕಟ್ಟಡವನ್ನು ಅದರ ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದೆವು. ನನ್ನ ಹಳೆ ವಿದ್ಯಾರ್ಥಿಗಳು ಟೇಪ್ ಹಿಡಿದರು. ಗೋಡೆಗೆ ಬಿಳಿ ಗೆರೆ, ಬಾಗಿಲಿಗೆ ಎರಡು ಇಟ್ಟಿಗೆ, ಕಮೋಡ್ ಇರುವ ಕಡೆ ಒಂದು ಸ್ಟೂಲ್. ಮೆಟ್ಟಿಲಿಗೂ ಲಿಫ್ಟಿಗೂ ಜಾಗ ಗುರುತು ಮಾಡಿದೆವು. ನಂತರ ಹಿರಿಯರಿಗೆ ಹೇಳಿದೆವು: ಗೇಟಿನಿಂದ ಒಳಗೆ ಬನ್ನಿ, ಕೂರಿ, ಎದ್ದು ಶೌಚಾಲಯಕ್ಕೆ ಹೋಗಿ ಬನ್ನಿ.

ಭವನ ಕಟ್ಟಿಸುವ ಕಚೇರಿಯ ಒಬ್ಬ ಕಿರಿಯ ಇಂಜಿನಿಯರ್ ರಜೆ ದಿನವಾದರೂ ಬಂದಿದ್ದರು. ಅವರಿಗೆ ನಾನು ಇವತ್ತೂ ಋಣಿ. ವಾಕರ್ ಹಿಡಿದು ನಡೆಯುವ ಅಜ್ಜ ಒಬ್ಬರು ಹಾಲ್‌ನಿಂದ ಹೊರಟು, ಉದ್ದದ ಕಾರಿಡಾರ್ ದಾಟಿ, ತಿರುಗಿ, ಶೌಚಾಲಯ ಮುಟ್ಟುವ ಮುಂಚೆಯೇ ನಿಂತುಬಿಟ್ಟರು. "ಇಲ್ಲೀತನಾ ಬರೂದ್ರಾಗ ಕೆಲಸ ಮುಗದಿರ್ತೈತ್ರಿ" ಅಂದರು. ಯಾರೂ ನಗಲಿಲ್ಲ. ಒಳಗೆ ಹೋದ ಮೇಲೆ ಇನ್ನೊಂದು ಕಷ್ಟ. ಬಾಗಿಲು ಒಳಕ್ಕೆ ತೆರೆಯುವಂತೆ ಬರೆದಿತ್ತು. ವಾಕರ್ ಇಟ್ಟರೆ ಬಾಗಿಲು ಮುಚ್ಚುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಏನಂದರೆ, ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಹೊರಗಿನವರು ತಳ್ಳಿ ತೆರೆಯಲು ಆಗುವುದಿಲ್ಲ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಚಿಲಕವನ್ನು ಹೊರಗಿನಿಂದಲೂ ಬಿಡಿಸಲು ಬರಬೇಕು. ಇಂಜಿನಿಯರ್ ಸುಣ್ಣದ ಗೆರೆಯ ಮೇಲೆ ನಿಂತು ಬಹಳ ಹೊತ್ತು ನೋಡಿದರು. ತಮ್ಮ ಪ್ರತಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡರು.

ನಮ್ಮ ಕೈಗೆ ಸಿಕ್ಕ ದೊಡ್ಡ ಅಸ್ತ್ರ ಆ ಭಾನುವಾರ. ಫೋಟೋ ತೆಗೆದು ಅರ್ಜಿಗೆ ಲಗತ್ತಿಸಿದೆವು. ನಕ್ಷೆ ಬದಲಾಯಿತು, ಪೂರ್ತಿ ಅಲ್ಲ. ನೆಲ ಅಂತಸ್ತಿನಲ್ಲಿ ಎರಡು ಅಂಗಡಿ ಕಡಿಮೆ ಮಾಡಿ ನಮಗೆ ಒಂದು ಕೋಣೆ ಕೊಟ್ಟರು. ಪಕ್ಕದಲ್ಲೇ ಶೌಚಾಲಯ, ಕಮೋಡ್ ಎತ್ತರ 45ರಿಂದ 48 ಸೆಂಟಿಮೀಟರ್, ಎರಡೂ ಕಡೆ ಹಿಡಿಕೆ. ರ‍್ಯಾಂಪ್ ಉದ್ದ ಆಯಿತು. ಅದರ ಪಕ್ಕ ಹಿಡಿದು ನಡೆಯುವ ಕಂಬಿ ಎರಡು ಎತ್ತರದಲ್ಲಿ, 76 ಮತ್ತು 90 ಸೆಂಟಿಮೀಟರ್. ದೊಡ್ಡ ಹಾಲ್ ಮಾತ್ರ ಮೇಲೆಯೇ ಉಳಿಯಿತು. ಅದನ್ನು ನಾವು ಒಪ್ಪಿಕೊಂಡೆವು. ವರ್ಷಕ್ಕೆ ಕೆಲವು ಬಾರಿ ನಡೆಯುವ ಕಾರ್ಯಕ್ರಮಕ್ಕೆ ಮೇಲೆ ಹತ್ತಬಹುದು. ದಿನಾ ಕೂರುವ ಜಾಗ ಕೆಳಗೇ ಇರಬೇಕು.

ಕಟ್ಟೆಯ ಬಗ್ಗೆ ಸ್ವಲ್ಪ ವಾದ ನಡೆಯಿತು. ರಸ್ತೆ ಕಾಣಲಿ ಅಂತ ಪಶ್ಚಿಮದ ಕಡೆ ಇಟ್ಟಿದ್ದರು. ಹಿರಿಯರು ಬರುವುದೇ ಸಂಜೆ. ಆಗ ಬಿಸಿಲು ಪಶ್ಚಿಮದಿಂದ ಮುಖಕ್ಕೆ ಹೊಡೆಯುತ್ತದೆ. ಪೂರ್ವಕ್ಕೆ ಹಾಕಿದರೆ ಕಟ್ಟಡದ್ದೇ ನೆರಳು. ಪೂರ್ವಕ್ಕೇ ಬಂತು. ಒರಗಲು ಬೆನ್ನು, ಏಳುವಾಗ ಊರಲು ನಡುನಡುವೆ ಕೈ ಸಹ ಬರೆಸಿದೆವು.

ಇಷ್ಟೆಲ್ಲ ಗೆದ್ದರೂ ಅಜ್ಜಿಯ ಪ್ರಶ್ನೆ ಹಾಗೆಯೇ ಇತ್ತು. ತಾತ್ಕಾಲಿಕ ಜಾಗದ ಬಗ್ಗೆ ಬಾಯಿಮಾತಿನ ಭರವಸೆ ಮಾತ್ರ ಇತ್ತು. ಕೆಡವುವ ದಿನ ಹತ್ತಿರ ಬಂದಾಗ ಹೇಳಿದ ಜಾಗ ಮುಖ್ಯ ರಸ್ತೆಯ ಆಚೆ ಒಂದು ಸಭಾಂಗಣ. ಚಂದದ ಕಟ್ಟಡ, ಫ್ಯಾನು, ನೀರು ಎಲ್ಲ ಇತ್ತು. ಆದರೆ ಲಾರಿ ಓಡುವ ರಸ್ತೆ ದಾಟಬೇಕು, ದಾರಿಯಲ್ಲಿ ಕೂರಲು ಒಂದು ಮರದ ನೆರಳೂ ಇಲ್ಲ. ಮದುವೆ ಇದ್ದ ದಿನ ನಮಗೆ ಬೀಗ.

ಬರುವುದನ್ನು ಮೊದಲು ನಿಲ್ಲಿಸಿದವರು ಕೋಲಿನವರು. ನಂತರ ಹೆಂಗಸರು. ಆಮೇಲೆ ಆಟೋಗೆ ದುಡ್ಡಿಲ್ಲದವರು. ಹೆಂಗಸರಿಗೆ ಬಸ್ಸು ಉಚಿತ ಇದೆ, ನಿಜ. ಆದರೆ ಸೆಕ್ಟರ್‌ನಿಂದ ಸೆಕ್ಟರ್‌ಗೆ ಹೋಗುವ ಈ ದಾರಿಗೆ ಅನುಕೂಲದ ಬಸ್ಸು ಇರಲಿಲ್ಲ. ಉಳಿದವರು ಸ್ಕೂಟರ್ ಓಡಿಸಬಲ್ಲ ಗಂಡಸರು ಮಾತ್ರ. ಹಾಜರಿ ಪುಸ್ತಕ ನೋಡಿದವರಿಗೆ ಭವನ ಚೆನ್ನಾಗಿ ನಡೆಯುತ್ತಿದೆ ಅನಿಸಬಹುದು, ದಿನಾ ಸಹಿ ಇದ್ದವಲ್ಲ. ಯಾರ ಸಹಿ ಇಲ್ಲ ಅಂತ ನೋಡಿದರೆ ಮಾತ್ರ ತಿಳಿಯುತ್ತಿತ್ತು.

ನಿವೃತ್ತ ಪೋಸ್ಟ್‌ಮನ್ ಅಜ್ಜ ಒಬ್ಬರು ಮಳೆ ಬಂದರೂ ಹಳೆ ಭವನಕ್ಕೆ ನಡೆದೇ ಬರುತ್ತಿದ್ದರು. ಅವರ ಮನೆಗೆ ಹೋದಾಗ ಹಗಲು ಹೊತ್ತೂ ಮಂಚದ ಮೇಲೆ ಇದ್ದರು. "ಎಲ್ಲಿ ಹೋಗ್ಲಿ ತಂಗಿ?" ಅಂದರು. ವಯಸ್ಸಾದ ಕಾಲುಗಳು ನಡೆಯುವುದನ್ನು ಬಿಟ್ಟರೆ ಬಹಳ ಬೇಗ ಸೋಲುತ್ತವೆ. ಮೂವತ್ತರ ಹುಡುಗ ಒಂದು ವರ್ಷ ಕ್ಲಬ್ಬಿಗೆ ಹೋಗದಿದ್ದರೆ ಮುಂದಿನ ವರ್ಷ ಹೋಗುತ್ತಾನೆ. ಎಂಬತ್ತರ ಅಜ್ಜನಿಗೆ ಆ ಒಂದು ವರ್ಷ ಮರಳಿ ಸಿಗುವುದಿಲ್ಲ. ಇದನ್ನು ಅರ್ಜಿಯಲ್ಲಿ ಬರೆಯುವಾಗ ನನ್ನ ಕೈ ನಡುಗಿತು. ಆದರೂ ಬರೆದೆ.

ನಾವು ಹತ್ತಿರದಲ್ಲೇ ಜಾಗ ಹುಡುಕಿದೆವು. ಮಕ್ಕಳು ಕಡಿಮೆಯಾಗಿ ಎರಡು ಕೋಣೆ ಖಾಲಿ ಬಿದ್ದಿದ್ದ ಶಾಲೆ ಕಣ್ಣಿಗೆ ಬಿತ್ತು. ಶಾಲೆ ಒಂದು ಇಲಾಖೆಯದು, ಭವನ ಇನ್ನೊಂದರದು. ಒಂದು ಮೇಜಿನಿಂದ ಇನ್ನೊಂದಕ್ಕೆ ಕಡತ ಹೋಗಲು ನಾವು ಹಿಂದೆ ಬೀಳಬೇಕಾಯಿತು. ಸಂಜೆ ನಾಲ್ಕರ ಮೇಲೆ ಉಪಯೋಗಿಸಬಹುದು ಅಂತ ಕೊನೆಗೆ ಲಿಖಿತ ಒಪ್ಪಿಗೆ ಸಿಕ್ಕಿತು. ಮೊದಲ ಕೆಲಸ ಶೌಚಾಲಯಕ್ಕೆ ಚಿಲಕ ಹಾಕಿಸಿದ್ದು. ಎರಡನೆಯದು, ಬರುವುದು ಬಿಟ್ಟವರ ಮನೆಗೆ ಹೋಗಿ ಕರೆದದ್ದು. ಮನೆಯಲ್ಲಿ ಒಬ್ಬರೇ ಇರುವವರ ಮೊಬೈಲಿನಲ್ಲಿ ಹಿರಿಯರ ಸಹಾಯವಾಣಿ 14567 ಉಳಿಸಿಕೊಟ್ಟೆವು. ಹಲವರು ಬಂದರು. ಪೋಸ್ಟ್‌ಮನ್ ಅಜ್ಜ ಮಗನ ಭುಜ ಹಿಡಿದು ಬಂದರು, ಈಗ ವಾಕರ್ ಜೊತೆ ಬರುತ್ತಾರೆ. ಕೆಲವರು ಬರಲೇ ಇಲ್ಲ. ಅವರಲ್ಲಿ ಇಬ್ಬರು ಈಗ ಇಲ್ಲ. ಭವನ ಮುಚ್ಚಿದ್ದಕ್ಕೇ ಹೋದರು ಅಂತ ನಾನು ಹೇಳುವುದಿಲ್ಲ. ಕೊನೆಯ ತಿಂಗಳುಗಳನ್ನು ಒಂಟಿಯಾಗಿ ಕಳೆದರು ಅನ್ನುವುದು ಮಾತ್ರ ನಿಜ.

ಹಾಗಾಗಿ ಬೇರೆ ಊರಿನವರು ಕೇಳಿದರೆ ನಾನು ಮೊದಲು ಹೇಳುವುದು ರ‍್ಯಾಂಪ್ ಬಗ್ಗೆ ಅಲ್ಲ. ಕೆಡವುವ ಆದೇಶದಲ್ಲೇ ತಾತ್ಕಾಲಿಕ ಜಾಗದ ಹೆಸರು ಬರೆಸಿಕೊಳ್ಳಿ. ವಾಕರ್ ಹಿಡಿದವರೊಬ್ಬರನ್ನು ಅಲ್ಲಿಗೆ ನಡೆಸಿ ನೋಡಿ. ಅವರು ಹೋಗಿ ಬಂದರೆ ಮಾತ್ರ ಒಪ್ಪಿಗೆ ಕೊಡಿ. ಅಲ್ಲಿ ಶೌಚಾಲಯ ಸರಿ ಆಗುವವರೆಗೆ ಹಳೆ ಕಟ್ಟಡದ ಕೀಲಿ ಕೊಡಬೇಡಿ.

ಹೊಸ ಕಟ್ಟಡದ ಮೇಲಿನ ಸ್ಲ್ಯಾಬ್ ಹಾಕಿ ಆಗಿದೆ. ಕೆಳಗಿನ ಕೋಣೆಯ ಗೋಡೆ ಎದ್ದಿದೆ. ಟೇಪ್ ಹಿಡಿದು ಅಳೆದು ಬಂದೆವು, ಬಾಗಿಲಿಗೆ ಬಿಟ್ಟ ಜಾಗ ಸರಿಯಾಗಿದೆ. ಟೈಲ್ಸ್ ಇನ್ನೂ ಆಯ್ಕೆ ಆಗಿಲ್ಲ, ಜಾರದಂಥ ಒರಟು ಮಾದರಿಯನ್ನು ನಾವೇ ಅಂಗಡಿಯಿಂದ ತಂದು ತೋರಿಸಿದ್ದೇವೆ. ಲಿಫ್ಟಿನ ವಾರ್ಷಿಕ ನಿರ್ವಹಣೆಯ ದುಡ್ಡು ಅಂಗಡಿ ಬಾಡಿಗೆಯಿಂದಲೇ ಮೊದಲು ತೆಗೆದಿಡಬೇಕು ಅಂತ ಕೇಳಿದ್ದೇವೆ, ಉತ್ತರ ಬಂದಿಲ್ಲ. ಕೆಳಗಿನ ಶೌಚಾಲಯವನ್ನು ಅಂಗಡಿಯವರೂ ಬಳಸುತ್ತಾರಾ, ಅದನ್ನು ತೊಳೆಯುವವರು ಯಾರು, ಕೀಲಿ ಯಾರ ಹತ್ತಿರ ಇರಬೇಕು ಅನ್ನುವುದೂ ತೀರ್ಮಾನ ಆಗಿಲ್ಲ. ಮುಂದಿನ ಅರ್ಜಿ ಅದರ ಬಗ್ಗೆಯೇ. ಈ ಸಲ ಅದನ್ನು ಬರೆಸುತ್ತಿರುವವರು ಇಳಕಲ್ ಸೀರೆಯ ಅಜ್ಜಿ. ಮೊದಲ ಸಹಿ ತಮ್ಮದೇ ಇರಬೇಕು ಅಂತ ಹೇಳಿಟ್ಟಿದ್ದಾರೆ.